ಮುಂತಾದವರು

ಕೇಳುಗರಿಗೆ ನಮಸ್ಕಾರ.

ಪೇಪರ್‌ನಲ್ಲಿ ಬರುವ ಪ್ರತಿಭಟನೆಯ ಸುದ್ದಿಗಳ ಕೊನೆಯ ಸಾಲನ್ನು ಗಮನಿಸಿದ್ದೀರಾ? ನಾಲ್ಕೈದು ಹೆಸರು ಇರುತ್ತವೆ. ಆಮೇಲೆ ‘ಮುಂತಾದವರು ಪಾಲ್ಗೊಂಡಿದ್ದರು’ ಅಂತ ಇರುತ್ತದೆ. ಆ ನಾಲ್ಕೈದು ಹೆಸರುಗಳಲ್ಲಿ ನನ್ನದೂ ಎಷ್ಟೋ ಸಲ ಬಂದಿದೆ. ನಾನು ಧಾರವಾಡದವನು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತನಾದವನು. ಮನೆಯಲ್ಲಿ ಮೂರು ತಲೆಮಾರಿನ ಓದುಬರಹ, ಊರಲ್ಲಿ ಹೊಲ. ಜಾತಿಯ ಕಾರಣಕ್ಕೆ ಯಾರೂ ನನ್ನನ್ನು ಹೊಸ್ತಿಲಾಚೆ ನಿಲ್ಲಿಸಿಲ್ಲ. ಆದರೂ ಕೂಲಿಯವರ ಪರವಾಗಿ, ಪೌರಕಾರ್ಮಿಕರ ಪರವಾಗಿ ಅವರಿಗಿಂತ ಜಾಸ್ತಿ ಮೈಕ್ ಹಿಡಿದವನು ನಾನೇ. ಇದು ಹೇಗಾಗುತ್ತದೆ ಅಂತ ಇವತ್ತು ಹೇಳುತ್ತೇನೆ.

ನಮ್ಮ ಕಡೆಯ ಒಂದು ಸಣ್ಣ ಊರು. ಕಸ ಗುಡಿಸುವ ಹೆಣ್ಣುಮಕ್ಕಳು ಒಂದು ಮನವಿ ಬರೆದುಕೊಡಿ ಅಂತ ಕೇಳಿದ್ದರು. ಅವರ ತೊಂದರೆ ಒಂದೇ. ನಸುಕಿನಲ್ಲಿ ಹಾಜರಿ ಹಾಕಿದರೆ ಮಧ್ಯಾಹ್ನದ ತನಕ ಬೀದಿಯಲ್ಲೇ ಇರಬೇಕು. ಹಾಜರಿ ಹಾಕುವ ಜಾಗದಲ್ಲಿ ಸಂಡಾಸ ಇಲ್ಲ, ಕೈಕಾಲು ತೊಳೆಯಲು ನೀರಿಲ್ಲ. ಹೋಗೋಕೆ ಜಾಗ ಇಲ್ಲ ಅಂತ ನೀರು ಕುಡಿಯೋದನ್ನೇ ಬಿಟ್ಟವರಿದ್ದರು.

ನಾನು ರಾತ್ರಿ ಕೂತು ಮೂರು ಪುಟ ಬರೆದೆ. ಸಂವಿಧಾನದಿಂದ ಶುರು. ಪೌರಕಾರ್ಮಿಕರ ಬಗ್ಗೆ 1970ರ ದಶಕದಲ್ಲಿ ಬಂದ ಸಾಲಪ್ಪ ವರದಿ, ನೌಕರಿ ಕಾಯಂ, ಘನತೆಯ ಬದುಕು, ಎಲ್ಲಾ ಬಂತು. ಸಂಡಾಸ ಅನ್ನೋ ಶಬ್ದ ಬಂದ ಕಡೆ ಪೆನ್ನು ನಿಂತಿತು. ಸರ್ಕಾರಿ ಮನವಿಯಲ್ಲಿ ಅದು ಚೆಂದ ಕಾಣಲಿಲ್ಲ. ‘ಮೂಲಸೌಕರ್ಯ’ ಅಂತ ಬರೆದೆ.

ಒಂದೂವರೆ ತಿಂಗಳಾದ ಮೇಲೆ ಮೂಲಸೌಕರ್ಯ ಬಂತು. ಹಾಜರಿ ಹಾಕುವ ಜಾಗಕ್ಕೆ ಒಂದು ಟ್ಯೂಬ್‌ಲೈಟ್.

ಅವರಲ್ಲಿ ವಯಸ್ಸಾದ ಒಬ್ಬ ತಾಯಿ ಆ ಮನವಿಯ ಪ್ರತಿ ತಂದು ನನ್ನ ಮುಂದೆ ಹಿಡಿದರು. “ಬಾಳ ಚೊಲೋ ಬರದೀರಿ ಸರ್ರ. ನಾವು ಹೇಳಿದ್ದು ಇದ್ರಾಗ ಎಲ್ಲೈತ್ರಿ?” ನಾನು ಮೂಲಸೌಕರ್ಯದ ಮೇಲೆ ಬೆರಳಿಟ್ಟೆ. ಅವರಿಗೆ ಓದಲು ಬರುತ್ತಿರಲಿಲ್ಲ. ನಾನೇ ಓದಿ ಹೇಳಿದೆ. “ಅದಕ್ಕ ಅವ್ರು ಲೈಟ್ ಹಾಕ್ಸ್ಯಾರ ಬಿಡ್ರಿ” ಅಂದರು. ಸಿಟ್ಟೇನೂ ಇರಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ನೋಡಿ, ಯಾರೂ ಯಾರ ಪೆನ್ನನ್ನೂ ಕಸಿದುಕೊಳ್ಳಲಿಲ್ಲ. ಅದು ತಾನಾಗಿ ನನ್ನ ಕೈಗೆ ಬಂತು. ನಮ್ಮ ಸಂಘಟನೆಯ ಸಭೆ ಸಂಜೆ ಆರಕ್ಕೆ, ಧಾರವಾಡದಲ್ಲಿ. ಆ ಹೊತ್ತಿಗೆ ಅವರ ಓಣಿಯಲ್ಲಿ ನಳ ಬರುತ್ತದೆ, ಒಲೆ ಹಚ್ಚಬೇಕು, ರೊಟ್ಟಿ ಬಡಿಯಬೇಕು. ಸಭೆ ಮುಗಿದ ಮೇಲೆ ವಾಪಸ್ ಬಸ್ಸಿಲ್ಲ. ನನಗೆ ಸ್ಕೂಟರ್ ಇದೆ. ಹಾಗಾಗಿ ಸಭೆಗೆ ತಪ್ಪದೆ ಬರುವವನು ನಾನು. ತಪ್ಪದೆ ಬರುವವನೇ ಕಾರ್ಯದರ್ಶಿ. ಕಾರ್ಯದರ್ಶಿಗೇ ಪೇಪರ್‌ನವರ ಫೋನು. ಕಚೇರಿಯ ಬಾಗಿಲಲ್ಲಿ ಪೊಲೀಸರು “ಐದ ಮಂದಿ ಒಳಗ ಬರ್ರಿ” ಅಂದರೆ ಇಸ್ತ್ರಿ ಅಂಗಿಯ ಐದು ಮಂದಿ ಒಳಗೆ ಹೋಗುತ್ತೇವೆ. ಒಳಗೆ ಕುರ್ಚಿ ಕೊಡುತ್ತಾರೆ, ಚಹಾ ಬರುತ್ತದೆ. ಹೊರಗೆ ಬಿಸಿಲಲ್ಲಿ ಮುಂತಾದವರು. ಕೇಸ್ ಬಿದ್ದರೂ ಹೀಗೇ. ಕೋರ್ಟಿನ ಪ್ರತಿ ತಾರೀಕಿಗೂ ಅವರ ಒಂದು ದಿನದ ಪಗಾರ ಹೋಗುತ್ತದೆ. ನಾನು ಒಂದು ರಜಾ ಚೀಟಿ ಬರೆಯುತ್ತಿದ್ದೆ, ಅಷ್ಟೇ.

ಇದು ನನ್ನೊಬ್ಬನ ಪುರಾಣವಲ್ಲ. ಶಾಸನಸಭೆಗಳಲ್ಲಿ ಅಸ್ಪೃಶ್ಯರ ಸ್ಥಾನಗಳ ಬಗ್ಗೆ ಪೂನಾ ಒಪ್ಪಂದ ಆದದ್ದು 1932ರಲ್ಲಿ. ಅದರ ಬೆನ್ನಿಗೇ ಅಸ್ಪೃಶ್ಯತೆ ಅಳಿಸಲು ಗಾಂಧೀಜಿಯ ಪ್ರೇರಣೆಯಿಂದ ಒಂದು ಸಂಘ ಹುಟ್ಟಿತು. ಅದೇ ಮುಂದೆ ಹರಿಜನ ಸೇವಕ ಸಂಘ ಆಯಿತು. ಅಧ್ಯಕ್ಷರು ಉದ್ಯಮಿ ಘನಶ್ಯಾಮದಾಸ್ ಬಿರ್ಲಾ. ಅಂಬೇಡ್ಕರ್ ಮೊದಲು ಅದರಲ್ಲಿದ್ದರು, ಸ್ವಲ್ಪ ದಿನದಲ್ಲೇ ದೂರವಾದರು. ಅಸ್ಪೃಶ್ಯರಿಗೆ ಸಂಘದ ಆಡಳಿತದಲ್ಲಿ ಜಾಗ ಕೊಡಿ ಅನ್ನುವ ಮಾತು ಬಂದಾಗ ಗಾಂಧೀಜಿ ಒಪ್ಪಲಿಲ್ಲ. ಇದು ಸವರ್ಣೀಯರು ತಮ್ಮ ಪಾಪಕ್ಕೆ ಮಾಡುವ ಪ್ರಾಯಶ್ಚಿತ್ತ, ಸಾಲ ತೀರಿಸುವವರೇ ಸಂಘ ನಡೆಸಬೇಕು ಅನ್ನೋದು ಅವರ ವಾದ. ಮನಸ್ಸು ಒಳ್ಳೆಯದೇ. ಆದರೆ ಸಾಲ ಎಷ್ಟು, ಯಾವಾಗ ತೀರಿತು ಅಂತ ಹೇಳುವವರೂ ಸಾಲಗಾರರೇ ಆದರೆ ಹೇಗೆ?

1936ರದು ಇನ್ನೂ ವಿಚಿತ್ರ. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ಅಂದರೆ ಜಾತಿ ಒಡೆಯಲೆಂದೇ ಕಟ್ಟಿದ ಸಂಸ್ಥೆ. ನಡೆಸುವವರು ಸವರ್ಣೀಯ ಸುಧಾರಕರು. ತಮ್ಮ ಸಮ್ಮೇಳನದ ಅಧ್ಯಕ್ಷತೆಗೆ ಅಂಬೇಡ್ಕರ್ ಅವರನ್ನು ಕರೆದರು. ಅವರ ಭಾಷಣ ಓದಿ ನೋಡಿ ಮಂಡಲದವರು ಗಾಬರಿಯಾದರು, ಕೆಲವು ಭಾಗ ತೆಗೀರಿ ಅಂದರು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಅಂದರು ಅಂಬೇಡ್ಕರ್. ಸಮ್ಮೇಳನವೇ ರದ್ದಾಯಿತು. ಭಾಷಣವನ್ನು ಅವರೇ ಅಚ್ಚು ಹಾಕಿಸಿ ಹಂಚಿದರು.

ನಮ್ಮ ನರಗುಂದಕ್ಕೆ ಬನ್ನಿ. 1980ರ ಜುಲೈ 21ರ ಬಂಡಾಯ ನಿಮಗೆಲ್ಲ ಗೊತ್ತು. ಮಲಪ್ರಭೆಯ ನೀರು ಸರಿಯಾಗಿ ಬರುವ ಮೊದಲೇ ಜಮೀನಿನ ಮೇಲೆ ಅಭಿವೃದ್ಧಿ ಕರ ಬಂತು. ರೈತರ ಸಿಟ್ಟು ನ್ಯಾಯವಾದದ್ದೇ, ಪ್ರಾಣವೂ ಹೋಯಿತು. ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನ ಅಂತ ಆಚರಿಸುತ್ತೇವೆ. ಆದರೆ ಕರ ಬೀಳೋದು ಜಮೀನಿದ್ದವರಿಗೆ. ಆ ಬಂಡಾಯದಿಂದ ಗಟ್ಟಿಯಾದ ಚಳವಳಿಯಲ್ಲಿ ಸಾಲ, ಕರ, ಬೆಳೆಯ ಬೆಲೆ ಕೇಳಿಸಿದಷ್ಟು ಜೋರಾಗಿ ಅದೇ ಹೊಲದಲ್ಲಿ ಕಳೆ ತೆಗೆಯುವವಳ ಪಗಾರ ಕೇಳಿಸಲಿಲ್ಲ. ಈ ಮಾತು ನಮ್ಮ ಹೊಲದ ಕಟ್ಟೆಯ ಮೇಲೆ ನಿಂತು ಹೇಳಲು ನನಗೂ ಸಂಕೋಚ. ರೇಡಿಯೋದಲ್ಲಿ ಸುಲಭ.

ಹಾಗಂತ ಓದಿದವರು ಮನೆಯಲ್ಲೇ ಕೂರಲಿ ಅಂತಲ್ಲ. ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಕಿತ್ತಿಕೊ-ಹಚ್ಚಿಕೊ ಸತ್ಯಾಗ್ರಹ ನಡೆಯಿತು. ಹಳ್ಳಿಯವರು ಬಳಸುತ್ತಿದ್ದ ಸಾರ್ವಜನಿಕ ಜಮೀನನ್ನು ನೀಲಗಿರಿ ಬೆಳೆಯಲು ಕಂಪನಿಗೆ ಕೊಟ್ಟಿದ್ದರು. ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಸಸಿ ಹಚ್ಚಿದರು. ಆ ಜಮೀನಿನ ತಕರಾರು ಸುಪ್ರೀಂ ಕೋರ್ಟಿಗೂ ಹೋಗಿತ್ತು, ಅದರ ಕಾಗದಪತ್ರಕ್ಕೆ ಕಲಿತವರು ಬೇಕಿತ್ತು. ಆದರೆ ದನಕ್ಕೆ ಮೇವು, ಒಲೆಗೆ ಕಟ್ಟಿಗೆ ಅನ್ನುವ ಮಾತು ಕಾಗದದಲ್ಲಿ ಕಳೆದುಹೋಗಲಿಲ್ಲ. ಅಲ್ಲಿ ಯಾರೂ ‘ಮೂಲಸೌಕರ್ಯ’ ಅಂತ ಬರೆಯಲಿಲ್ಲ ಅನ್ನಿ.

ನಮ್ಮ ಮನವಿಯನ್ನು ಎರಡನೇ ಸಲ ಬರೆದೆವು. ಆ ತಾಯಿ ಹೇಳಿದರು, ನಾನು ಬರೆದೆ. ಆರು ಸಾಲು. ಸಂಡಾಸ ಅಂತಲೇ ಬರೆದೆ, ಎರಡು ಸಲ. ಸಭೆಯನ್ನೂ ಅವರ ಓಣಿಯ ಗುಡಿಕಟ್ಟೆಗೆ, ಮಧ್ಯಾಹ್ನಕ್ಕೆ ಬದಲಿಸಿದೆವು. ಮನವಿ ಕೊಟ್ಟ ದಿನ ಒಳಗೆ ಹೋದವರು ಅವರೇ ಐದು ಜನ. ನಾನು ಹೊರಗೆ ಬೇವಿನ ಮರದ ಕೆಳಗೆ ನಿಂತೆ. ಹೊತ್ತು ಹೋಗಲೇ ಇಲ್ಲ.

ಪೇಪರ್‌ಗೆ ಕಳಿಸಿದ ಸುದ್ದಿಯಲ್ಲಿ ಐದೂ ಜನರ ಹೆಸರು ಬರೆದಿದ್ದೆ, ನನ್ನದು ಬಿಟ್ಟಿದ್ದೆ. ರಾತ್ರಿ ವರದಿಗಾರ ಹುಡುಗನ ಫೋನ್ ಬಂತು. ನನ್ನ ಹಳೆಯ ವಿದ್ಯಾರ್ಥಿ.

“ಸರ್, ನಿಮ್ಮ ಹೆಸರ ಬಿಟ್ಟೈತಲ್ರಿ. ಹಾಕ್ಲೇನ್ರಿ?”

ಬೇಡ ಅನ್ನೋಕೆ ಬಾಯಿ ತೆರೆದೆ. “ಕಡೀಗೆ ಹಾಕಪಾ” ಅಂದೆ.

ಮಾರನೇ ದಿನ ಪೇಪರ್ ಬಿಡಿಸಿದರೆ ನನ್ನ ಹೆಸರು ಎಲ್ಲರಿಗಿಂತ ಮೊದಲಿತ್ತು. ಆಮೇಲೆ ಆ ತಾಯಿಯ ಹೆಸರು, ಅದೂ ತಪ್ಪಾಗಿ. ಉಳಿದ ನಾಲ್ವರು, ಮುಂತಾದವರು.

ನಮಸ್ಕಾರ.