ಚಿತ್ರಶಾಲೆಗೆ ಒಂದು ಬಿಳಿ ಪರದೆ

ಕೇಳುಗರಿಗೆ ನಮಸ್ಕಾರ.

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಿಲ್ಲದೆ ಬರುವುದಿಲ್ಲ. ಅದು ರವಿವರ್ಮನದೆಂದು ಖಚಿತವಾಗಿ ಹೇಳುವವರು ಈಗಲೂ ಇದ್ದಾರೆ. ಬರೆದವರು ಎಸ್.ಎಲ್. ಹಲ್ದಣಕರ್, 1945–46ರಲ್ಲಿ. ತೈಲವರ್ಣವೂ ಅಲ್ಲ, ಜಲವರ್ಣ. ಜಲವರ್ಣದಲ್ಲಿ ಬೆಳಕೆಂದರೆ ಬಹುಪಾಲು ಬಣ್ಣ ಸೋಕದೆ ಉಳಿದ ಕಾಗದ. ಹಾಗಾದರೆ ಬೆರಳ ಸಂದಿನ ಆ ಕೆಂಪು ಯಾವಾಗ ಬಂತು? ಸುತ್ತಲಿನ ಕತ್ತಲನ್ನು ಮೊದಲು ಹಚ್ಚಿದರೋ, ಕೊನೆಗೋ? ಗೋಡೆಯ ಹೆಸರುಪಟ್ಟಿಗಳು ಇಂಥ ಪ್ರಶ್ನೆಗೆ ಉತ್ತರಿಸುವುದಿಲ್ಲ. ಕಲಾವಿದರ ಕುರಿತ ಸಾಕ್ಷ್ಯಚಿತ್ರಗಳು ಬೇಕಾಗುವುದು ಇಲ್ಲಿಯೇ.

ಫ್ರಾನ್ಸಿನ ನಿರ್ದೇಶಕ ಕ್ಲೂಜೊ 1956ರಲ್ಲಿ ಚಿತ್ರಕಾರ ಪಿಕಾಸೊ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದರು. ಶಾಯಿ ಹಿಂಬದಿಗೂ ಇಳಿಯುವ ಕಾಗದವನ್ನು ಆರಿಸಿ, ಕ್ಯಾಮೆರಾವನ್ನು ಅದರ ಹಿಂದೆ ಇಟ್ಟರು. ಕೈ ಕಾಣದು, ಗೆರೆ ಮಾತ್ರ ತಾನಾಗಿ ಬೆಳೆಯುತ್ತದೆ. ಹೂಗೊಂಚಲು ಮೀನಾಗುತ್ತದೆ, ಮೀನು ಕೋಳಿಯಾಗುತ್ತದೆ. ‘ಸಾಕು, ಇಲ್ಲಿಗೆ ನಿಲ್ಲಿಸಪ್ಪಾ’ ಎಂದು ನಾವು ಒಳಗೊಳಗೇ ಗೋಗರೆದರೂ ಪಿಕಾಸೊ ನಿಲ್ಲಿಸುವುದಿಲ್ಲ.

ನನಗೆ ಇದಕ್ಕಿಂತ ಹತ್ತಿರದ್ದು ಸತ್ಯಜಿತ್ ರಾಯ್ 1972ರಲ್ಲಿ ತೆಗೆದ ‘ದಿ ಇನ್ನರ್ ಐ’. ಶಾಂತಿನಿಕೇತನದಲ್ಲಿ ತಮಗೆ ಗುರುವಾಗಿದ್ದ ವಿನೋದ ಬಿಹಾರಿ ಮುಖರ್ಜಿಯವರ ಕುರಿತ, ಸುಮಾರು 20 ನಿಮಿಷದ ಚಿತ್ರ. ಹುಟ್ಟಿನಿಂದಲೇ ಮಂದವಾಗಿದ್ದ ಅವರ ದೃಷ್ಟಿ 1957ರ ಹೊತ್ತಿಗೆ ಪೂರ್ತಿ ಹೋಯಿತು. ಅದಕ್ಕೂ ಹತ್ತು ವರ್ಷ ಹಿಂದೆ ಹಿಂದಿ ಭವನದ ಗೋಡೆಗಳ ಮೇಲೆ ಅವರು ಬರೆದಿದ್ದ ಮಧ್ಯಯುಗದ ಸಂತರ ಭಿತ್ತಿಚಿತ್ರದ ಉದ್ದಕ್ಕೂ ಕ್ಯಾಮೆರಾ ನಡೆದುಕೊಂಡು ಹೋಗುತ್ತದೆ. ಭಿತ್ತಿಚಿತ್ರವನ್ನು ನೋಡಬೇಕಾದದ್ದೂ ಹಾಗೆಯೇ, ನಡೆಯುತ್ತಾ. ಕಣ್ಣು ಹೋದ ಮೇಲೂ ಅವರ ಬೆರಳುಗಳು ಕಾಗದ ಕತ್ತರಿಸುತ್ತವೆ, ಆಕಾರ ಹುಡುಕುತ್ತವೆ. ರಾಯ್ ಎಲ್ಲಿಯೂ ಕಣ್ಣೀರು ಬೇಡುವುದಿಲ್ಲ. ಗಂಭೀರ ಕಂಠದ ಹೊಗಳಿಕೆ, ಹುಟ್ಟಿದೂರಿನಿಂದ ಪ್ರಶಸ್ತಿಯವರೆಗಿನ ಪಟ್ಟಿ, ಇಷ್ಟರಲ್ಲೇ ಮುಗಿಯುವ ಸಾಕ್ಷ್ಯಚಿತ್ರಗಳ ನಡುವೆ ಇದು ದೊಡ್ಡ ಸಮಾಧಾನ.

ಛಾಯಾಗ್ರಾಹಕರ ವಿಷಯ ಬೇರೆ. ಅವರ ಕೆಲಸ ಕ್ಷಣಾರ್ಧದ್ದು; ತೋರಿಸುವುದೇನನ್ನು? ಕಾಯುವುದನ್ನು. ಸ್ವಿಟ್ಜರ್ಲೆಂಡಿನ ಕ್ರಿಸ್ಟಿಯನ್ ಫ್ರೈ 2001ರ ‘ವಾರ್ ಫೋಟೋಗ್ರಾಫರ್’ ಚಿತ್ರಕ್ಕಾಗಿ ಯುದ್ಧ ಛಾಯಾಗ್ರಾಹಕ ಜೇಮ್ಸ್ ನಾಕ್ಟ್‌ವೇ ಅವರ ಕ್ಯಾಮೆರಾಕ್ಕೇ ಪುಟ್ಟದೊಂದು ವಿಡಿಯೊ ಕ್ಯಾಮೆರಾ ಕಟ್ಟಿದರು. ಗುಂಡಿಯ ಮೇಲಿಟ್ಟ ಬೆರಳು ಒತ್ತದೆ ತಡೆಯುವುದೂ ಅದರಲ್ಲಿ ಕಾಣುತ್ತದೆ. ಸಿಡುಬು ನಿರ್ಮೂಲನೆಯ ದಿನಗಳನ್ನು ಸೆರೆಹಿಡಿದ ಟಿ.ಎಸ್. ಸತ್ಯನ್ ಹುಟ್ಟಿದ ಊರು ಮೈಸೂರು. ಇಂಥ ಚಿತ್ರ ನೋಡಿದವರು ಅವರ ಛಾಯಾಚಿತ್ರಗಳ ಮುಂದೆ ನಿಂತರೆ, ಚೌಕಟ್ಟಿನಾಚೆ ಕಾದು ನಿಂತವರೂ ನೆನಪಾಗುತ್ತಾರೆ.

ಇಂಥ ಸಾಕ್ಷ್ಯಚಿತ್ರಗಳನ್ನು ತೋರಿಸಲು ನಮ್ಮ ಮೈಸೂರಿನಲ್ಲಿ ಜಾಗದ ಕೊರತೆಯಿಲ್ಲ. 1902ರಲ್ಲಿ ನಾಲ್ವಡಿಯವರು ಅಧಿಕಾರ ವಹಿಸಿಕೊಂಡದ್ದು ಇದೇ ಜಗನ್ಮೋಹನದಲ್ಲಿ. ಸಭೆ, ಸಂಗೀತ, ನಾಟಕಗಳನ್ನು ಕಂಡ ಸಭಾಂಗಣ ಚಿತ್ರಶಾಲೆಗೆ ಅಂಟಿಕೊಂಡೇ ಇದೆ. ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯ ವಿದ್ಯಾರ್ಥಿಗಳು ಊರಿನಲ್ಲೇ ಇದ್ದಾರೆ. ಮೊದಲ ಪ್ರದರ್ಶನಕ್ಕೆ ರಾಯ್ ಅವರದ್ದೇ ಇರಲಿ. ನಿರೂಪಣೆ ಇಂಗ್ಲಿಷಿನಲ್ಲಿರುವುದರಿಂದ ಒಂದು ಪುಟದ ಕನ್ನಡ ಟಿಪ್ಪಣಿ ಕೈಗಿತ್ತರೆ ಸಾಕು. ಚಿತ್ರ ಮುಗಿದೊಡನೆ ಎಲ್ಲರನ್ನೂ ಚಿತ್ರಶಾಲೆಗೆ ಕರೆದೊಯ್ಯಬೇಕು, ಕಣ್ಣು ಇನ್ನೂ ಚುರುಕಾಗಿರುವಾಗ. ಅತಿಥಿ ಭಾಷಣ ಬೇಕೇ ಬೇಕೆಂದರೆ ಅದೂ ಚಿತ್ರಗಳ ಮುಂದೆ ನಿಂತೇ ಆಗಲಿ. ಹಾರ, ಶಾಲು, ಮೈಸೂರು ಪೇಟವನ್ನು ಆ ಒಂದು ಸಂಜೆಗೆ ಬಿಟ್ಟರೆ ಯಾರೂ ಬೇಸರಿಸಲಾರರು.

ನಮಸ್ಕಾರ.