ಟೆರಿಕಾಟ್ ಅಂಗಿ, ಒಲೆಯ ಬೆಂಕಿ, ಬಟ್ಟೆ ಒಗೆದ ನೀರು

ಎಲ್ಲರಿಗೂ ನಮಸ್ಕಾರ.

ಹತ್ತಿ ಗಿರಣಿಗಳಿಂದ ಹೆಸರಾದ ಊರು ದಾವಣಗೆರೆ. ಆದರೆ ಇವತ್ತು ನಮ್ಮ ಬೀರುಗಳಲ್ಲಿ ತುಂಬಿರುವುದು ಪಾಲಿಯೆಸ್ಟರ್. ನೀರಿನ ಬಾಟಲಿಯ ಪ್ಲಾಸ್ಟಿಕ್ಕನ್ನೇ ಕರಗಿಸಿ ಎಳೆ ತೆಗೆದರೆ ಅದೇ ಪಾಲಿಯೆಸ್ಟರ್ ನೂಲು.

ಹತ್ತಿ ತನ್ನ ತೂಕದ ಸುಮಾರು ಶೇ. 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಳ್ಳುತ್ತದೆ, ಪಾಲಿಯೆಸ್ಟರ್ ಶೇ. 0.4 ಮಾತ್ರ. ಏಪ್ರಿಲ್ ಬಿಸಿಲಲ್ಲಿ ಬಿಗಿಯಾದ ಪಾಲಿಯೆಸ್ಟರ್ ತೊಟ್ಟರೆ ಬೆವರು ಕಂಕುಳು, ತೊಡೆಸಂದಿಯಲ್ಲೇ ನಿಲ್ಲುತ್ತದೆ. ಬೆವರುಸಾಲೆಗೂ ಹುಳುಕಡ್ಡಿಗೂ ಅಷ್ಟು ಸಾಕು. ಹುಳುಕಡ್ಡಿಗೆ ಸ್ಟೀರಾಯ್ಡ್ ಇರುವ ಮುಲಾಮನ್ನು ನೀವೇ ತಂದು ಹಚ್ಚಬೇಡಿ. ತುರಿಕೆ ಅಡಗುತ್ತದೆ, ಶಿಲೀಂಧ್ರ ಒಳಗೊಳಗೇ ಹರಡುತ್ತದೆ.

ನನಗೆ ಹೆಚ್ಚು ಆತಂಕ ಇರುವುದು ಬೆಂಕಿಯ ಬಗ್ಗೆ. ಮಂಡಕ್ಕಿ ಭಟ್ಟಿಯಲ್ಲಿ, ಬೆಣ್ಣೆ ದೋಸೆಯ ಕಾವಲಿ ಮುಂದೆ ದಿನವಿಡೀ ನಿಲ್ಲುವವರು ದಯವಿಟ್ಟು ಗಮನಿಸಿ. ಪಾಲಿಯೆಸ್ಟರ್ ಸುಮಾರು 255 ಡಿಗ್ರಿಯಲ್ಲಿ ಕರಗಿ, ಚರ್ಮಕ್ಕೆ ಮೆತ್ತಿಕೊಂಡು ಸುಡುತ್ತದೆ. ಹತ್ತಿ ಕರಗುವುದಿಲ್ಲ, ಆದರೆ ಬೇಗ ಹೊತ್ತಿಕೊಳ್ಳುತ್ತದೆ. ಎರಡೂ ಬೆರೆತ ಟೆರಿಕಾಟ್ ಇನ್ನೂ ಅಪಾಯ: ಕರಗಿದ ಪಾಲಿಯೆಸ್ಟರ್ ಕೆಳಗೆ ತೊಟ್ಟಿಕ್ಕಿ ಹೋಗದಂತೆ ಹತ್ತಿಯ ಎಳೆ ಹಿಡಿದಿಡುತ್ತದೆ, ದೀಪದ ಬತ್ತಿ ಎಣ್ಣೆ ಎಳೆದಂತೆ ಎಳೆದು ಉರಿಸುತ್ತದೆ. ಒಲೆ ಮುಂದೆ ಮೈಗಂಟಿದ, ದಪ್ಪ ನೇಯ್ಗೆಯ ಅಪ್ಪಟ ಹತ್ತಿ ಬಟ್ಟೆಯೇ ಇರಲಿ. ಸೆರಗು, ದುಪಟ್ಟಾ ಇಳಿಬಿಡಬೇಡಿ. ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ. ಅಂಟಿಕೊಂಡ ಬಟ್ಟೆಯನ್ನು ಕೀಳಬೇಡಿ, ಚರ್ಮವೂ ಕಿತ್ತು ಬರುತ್ತದೆ. ಪೇಸ್ಟು, ಇಂಕು ಯಾವುದೂ ಬೇಡ.

ಅಂಗಡಿಯವರು 'ಪ್ಯೂರ್ ಕಾಟನ್' ಅಂದದ್ದು ನಿಜವೇ ಎಂದು ಮನೆಯಲ್ಲೇ ನೋಡಬಹುದು. ಒಳಹೊಲಿಗೆಯ ಅಂಚಿನಿಂದ ಹಾಸಿನ (ಉದ್ದದ) ನಾಲ್ಕು ಎಳೆ, ಹೊಕ್ಕಿನ (ಅಡ್ಡದ) ನಾಲ್ಕು ಎಳೆ ಬೇರೆ ಬೇರೆ ಬಿಡಿಸಿ; ಎಷ್ಟೋ ಬಟ್ಟೆಯಲ್ಲಿ ಒಂದು ದಿಕ್ಕಿನ ನೂಲು ಮಾತ್ರ ಹತ್ತಿ. ಸ್ಟೀಲ್ ತಟ್ಟೆಯ ಮೇಲೆ ಚಿಮಟದಲ್ಲಿ ಹಿಡಿದು ಕಡ್ಡಿ ಗೀರಿ. ಕಾಗದ ಸುಟ್ಟ ವಾಸನೆ, ಉದುರುವ ಬೂದಿ ಬಂದರೆ ಹತ್ತಿ. ಎಳೆ ಮುದುಡಿ, ಕಪ್ಪು ಹೊಗೆ ಬಂದು, ಉಗುರಿಗೂ ಒಡೆಯದ ಗಟ್ಟಿ ಮಣಿ ಉಳಿದರೆ ಪಾಲಿಯೆಸ್ಟರ್. ಕೂದಲು ಸುಟ್ಟ ವಾಸನೆಯಾದರೆ ರೇಷ್ಮೆ ಅಥವಾ ಉಣ್ಣೆ. ಮೊಳಕಾಲ್ಮೂರು ಸೀರೆ, ಚಳ್ಳಕೆರೆ ಕಂಬಳಿ ಕೊಳ್ಳುವಾಗಲೂ ಇದು ಉಪಯೋಗಕ್ಕೆ ಬರುತ್ತದೆ. ರೇಯಾನ್ ಮಾತ್ರ ಈ ಪರೀಕ್ಷೆಯಲ್ಲಿ ಹತ್ತಿಯಂತೆಯೇ ಉರಿಯುತ್ತದೆ, ಏಕೆಂದರೆ ಅದು ಮರದ ತಿರುಳಿನದು, ಹತ್ತಿಯಂತೆ ಅದೂ ಗಿಡಮರದ ಸೆಲ್ಯುಲೋಸೇ.

ಇನ್ನು ಒಗೆಯುವುದು. 2016ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದವರು ಲೆಕ್ಕ ಹಾಕಿದಂತೆ, 6 ಕಿಲೋ ಅಕ್ರಿಲಿಕ್ (ಉಣ್ಣೆಯಂತೆ ಕಾಣುವ ಕೃತಕ ನೂಲು) ಬಟ್ಟೆ ಒಮ್ಮೆ ಮೆಷಿನ್‌ಗೆ ಹಾಕಿದರೆ 7 ಲಕ್ಷಕ್ಕೂ ಹೆಚ್ಚು ಸೂಕ್ಷ್ಮ ಎಳೆಗಳು ಉದುರಬಹುದು. ಅವು ಚರಂಡಿ ಹಿಡಿದು ಕೆರೆ, ಹೊಳೆ ಸೇರುತ್ತವೆ, ಕೊಳೆಯುವುದಿಲ್ಲ. ಮೆಷಿನ್ ತುಂಬುವಷ್ಟು ಬಟ್ಟೆ ಸೇರಿದ ಮೇಲೆಯೇ ಹಾಕಿ. ತಣ್ಣೀರು, ಚಿಕ್ಕ ಸೈಕಲ್ ಸಾಕು. 'ಡೆಲಿಕೇಟ್' ಸೈಕಲ್‌ನಲ್ಲಿ ನೀರು ಜಾಸ್ತಿ ಹೋಗುವುದರಿಂದ ಎಳೆ ಇನ್ನೂ ಹೆಚ್ಚು ಕಳಚುತ್ತದೆ. ಫಿಲ್ಟರ್‌ನಲ್ಲಿ ಸಿಕ್ಕ ಜೂಲನ್ನು ನಲ್ಲಿಗೆ ಹಿಡಿದು ತೊಳೆದರೆ ಮಾಡಿದ್ದೆಲ್ಲ ವ್ಯರ್ಥ. ಕೈಯಿಂದ ತೆಗೆದು ಒಣಕಸಕ್ಕೆ ಹಾಕಿ.

ಹಳೆಯ ನೈಲಾನ್ ಸೀರೆ, ಅಕ್ರಿಲಿಕ್ ಸ್ವೆಟರ್‌ಗಳನ್ನು ನೀರೊಲೆಗೆ ತುರುಕಲೇಬೇಡಿ. ಅವು ಉರಿದಾಗ ಹೈಡ್ರೋಜನ್ ಸಯನೈಡ್ ಹುಟ್ಟುತ್ತದೆ, ಗಾಳಿಯಾಡದ ಬಚ್ಚಲುಮನೆಯಲ್ಲಿ ಅದನ್ನು ಉಸಿರಾಡುವವರು ಮನೆಯವರೇ. ಪಾಲಿಕೆಯ ಗಾಡಿ ಬಂದಾಗ ಒಣಕಸದ ಜೊತೆ ಕೊಟ್ಟುಬಿಡಿ.