ಕನ್ನಂಬಾಡಿಯ ನೀರಿನ ಮಟ್ಟ ಮತ್ತು ಸರಳರೇಖೆಯ ಲೆಕ್ಕ

ಕೇಳುಗರಿಗೆ ನಮಸ್ಕಾರ. ಕೊಡಗಿನಲ್ಲಿ ಮುಂಗಾರು ಬಿರುಸಾಯಿತೆಂದರೆ ಮೈಸೂರು, ಮಂಡ್ಯದ ಮನೆಗಳಲ್ಲಿ ಪತ್ರಿಕೆ ಬಿಡಿಸಿದವರ ಕಣ್ಣು ಕೃಷ್ಣರಾಜಸಾಗರದ, ಅಂದರೆ ಕನ್ನಂಬಾಡಿ ಕಟ್ಟೆಯ, ಅಂದಿನ ನೀರಿನ ಮಟ್ಟವನ್ನು ಹುಡುಕುತ್ತದೆ. ಗರಿಷ್ಠ ಮಟ್ಟ 124.80 ಅಡಿ ಎಂಬುದು ಇಲ್ಲಿ ಅನೇಕರಿಗೆ ಬಾಯಿಪಾಠ. ಪ್ರೌಢಶಾಲೆಯ ಮಕ್ಕಳನ್ನು ತಬ್ಬಿಬ್ಬುಗೊಳಿಸುವ ರೇಖಾತ್ಮಕ ಸಮೀಕರಣ, ಅದರ ನಕ್ಷೆ, ಆ ನಕ್ಷೆಯ ಇಳಿಜಾರು ಇವೆಲ್ಲವನ್ನೂ ಈ ಅಂಕಿಗಳ ಮೂಲಕವೇ ತಿಳಿಯಬಹುದು.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ. ಎಣಿಕೆ ಆರಂಭಿಸಿದ ದಿನ ಮಟ್ಟ 100 ಅಡಿ. ಅಲ್ಲಿಂದ ಒಂದನೆಯ ದಿನಕ್ಕೆ 102, ಎರಡನೆಯ ದಿನಕ್ಕೆ 104, ಮೂರನೆಯ ದಿನಕ್ಕೆ 106. ಗ್ರಾಫ್ ಹಾಳೆಯಲ್ಲಿ ಅಡ್ಡಲಾಗಿರುವ ಎಕ್ಸ್ ಅಕ್ಷದ ಮೇಲೆ ದಿನಗಳನ್ನೂ ನೆಟ್ಟಗಿರುವ ವೈ ಅಕ್ಷದ ಮೇಲೆ ಅಡಿಗಳನ್ನೂ ಬರೆದು ಈ ನಾಲ್ಕು ಬಿಂದುಗಳನ್ನು ಗುರುತಿಸಿದರೆ, ಅವು ಒಂದೇ ಸರಳರೇಖೆಯ ಮೇಲೆ ಬರುತ್ತವೆ. ಪ್ರತಿದಿನದ ಏರಿಕೆ ಒಂದೇ ಆಗಿರುವುದೇ ಇದಕ್ಕೆ ಕಾರಣ. ಯಾವ ಎರಡು ಬಿಂದುಗಳನ್ನಾದರೂ ಆರಿಸಿ, ಮಟ್ಟದ ವ್ಯತ್ಯಾಸವನ್ನು ದಿನಗಳ ವ್ಯತ್ಯಾಸದಿಂದ ಭಾಗಿಸಿ ನೋಡಿ: 106ರಿಂದ 102 ಕಳೆದರೆ 4, 3ರಿಂದ 1 ಕಳೆದರೆ 2, ಭಾಗಲಬ್ಧ 2. ದಿನಕ್ಕೆ 2 ಅಡಿ ಎಂಬ ಈ ದರವೇ ಇಳಿಜಾರು. ಇದನ್ನು ಬರಿಯ ಸೂತ್ರವಾಗಿ ಉರುಹೊಡೆಸದೆ ‘ದಿನಕ್ಕೆ ಇಷ್ಟು ಅಡಿ’ ಎಂದು ಮಾನದೊಂದಿಗೆ ಹೇಳಿಸುವುದು ಬಹಳ ಮುಖ್ಯವೆಂದು ನನ್ನ ದೃಢವಾದ ಅಭಿಪ್ರಾಯ. ಹಾಳೆಯ ಪ್ರಮಾಣವನ್ನು ಬದಲಿಸಿದರೆ ಅದೇ ರೇಖೆ ಕಡಿದಾಗಿಯೋ ಮಲಗಿದಂತೆಯೋ ಕಂಡೀತು. ದರ ಮಾತ್ರ ಬದಲಾಗದು.

ಇದರ ಸಮೀಕರಣ ವೈ = 2ಎಕ್ಸ್ + 100. ರೇಖೆಯು ವೈ ಅಕ್ಷವನ್ನು ಕತ್ತರಿಸುವ ಜಾಗವೇ ಈ 100, ಅಂದರೆ ಎಣಿಕೆಗೆ ಮೊದಲೇ ಇದ್ದ ನೀರು. ಅದನ್ನು ಮರೆತವರು ದಿನಗಳು ಇಮ್ಮಡಿಯಾದರೆ ಮಟ್ಟವೂ ಇಮ್ಮಡಿಯಾಗುತ್ತದೆ ಎಂದುಕೊಳ್ಳುತ್ತಾರೆ. ಮೂರನೆಯ ದಿನ 106 ಅಡಿ ಇದ್ದದ್ದು ಆರನೆಯ ದಿನ 212 ಆಗುವುದಿಲ್ಲ, 112 ಆಗುತ್ತದೆ. ಇಮ್ಮಡಿಯಾದದ್ದು ಏರಿಕೆ ಮಾತ್ರ.

ಬೇಸಿಗೆಯಲ್ಲಿ ಮಟ್ಟ ದಿನಕ್ಕೆ ಅರ್ಧ ಅಡಿ ಕುಸಿದರೆ ಇಳಿಜಾರು ಋಣ ಅರ್ಧ. ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ. ಮಟ್ಟ ಏರದೆ ಇಳಿಯದೆ ನಿಂತರೆ ರೇಖೆ ಅಡ್ಡಲಾಗಿ ಸಾಗುತ್ತದೆ, ಇಳಿಜಾರು ಸೊನ್ನೆ. ನೆಟ್ಟಗೆ ನಿಂತ ರೇಖೆಗೆ ಮಾತ್ರ ಇಳಿಜಾರನ್ನು ಹೇಳಲಾಗದು, ಏಕೆಂದರೆ ಅಲ್ಲಿ ದಿನಗಳ ವ್ಯತ್ಯಾಸವೇ ಸೊನ್ನೆಯಾಗಿ, ಸೊನ್ನೆಯಿಂದ ಭಾಗಿಸಬೇಕಾಗುತ್ತದೆ. ಕಾಲ ಒಂದು ಕ್ಷಣವೂ ಸರಿಯದೆ ನೀರು ಏರಿತೆಂದು ಹೇಳಿದಂತೆ ಅದು.

ಈಗ ಎಲ್ಲರೂ ಕೇಳುವ ಪ್ರಶ್ನೆಗೆ ಬರೋಣ: ಕಟ್ಟೆ ಎಂದು ತುಂಬುತ್ತದೆ? 124.80ರಿಂದ 100 ಕಳೆದು 2ರಿಂದ ಭಾಗಿಸಿದರೆ 12.4 ಬರುತ್ತದೆ, ಅಂದರೆ ಹದಿಮೂರನೆಯ ದಿನ. ಆದರೆ ಈ ಉತ್ತರವನ್ನು ಎಚ್ಚರಿಕೆಯಿಂದ ನಂಬಬೇಕು. ಜಲಾಶಯವು ಮೇಲೆ ಹೋದಂತೆಲ್ಲ ಅಗಲವಾಗುತ್ತದೆ; ಆದ್ದರಿಂದ ಒಳಹರಿವು ಒಂದೇ ಆಗಿದ್ದರೂ ಮೇಲಿನ ಒಂದು ಅಡಿ ತುಂಬಲು ಕೆಳಗಿನ ಒಂದು ಅಡಿಗಿಂತ ಹೆಚ್ಚು ನೀರು ಬೇಕು, ಹೆಚ್ಚು ಸಮಯ ಬೇಕು. ಒಳಹರಿವಾದರೂ ಮಳೆಯೊಂದಿಗೆ ದಿನದಿನಕ್ಕೆ ಬದಲಾಗುತ್ತದೆ. ಹಾಗಾಗಿ ನಿಜವಾದ ಬಿಂದುಗಳು ಕೆಲವು ದಿನ ರೇಖೆಯ ಜೊತೆ ಸಾಗಿ, ಮುಂದೆ ನಿಧಾನವಾಗಿ ಕೆಳಕ್ಕೆ ಬಾಗಬಹುದು. ಮಕ್ಕಳು ಈ ಮಳೆಗಾಲದಲ್ಲಿ ದಿನವೂ ಪತ್ರಿಕೆಯ ಅಂಕಿಯನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸುತ್ತಾ ಹೋಗಲಿ. ಮೊದಲ ಬಿಂದುಗಳ ಮೇಲೆ ಎಳೆದ ರೇಖೆಯಿಂದ ಮುಂದಿನ ಬಿಂದುಗಳು ಯಾವ ದಿನ ದೂರ ಸರಿದವು, ಅಂದು ಒಳಹರಿವು ಎಷ್ಟಿತ್ತು, ಹೊರಹರಿವು ಎಷ್ಟಿತ್ತು ಎಂಬುದನ್ನು ಪಕ್ಕದಲ್ಲೇ ಬರೆದಿಡಲಿ.